ಅಪ್ಪಯ್ಯನ ಸೈ, ನನ್ನ ಅಕ್ಷರ

ಫತೇಗಂಜ್, ವಡೋದರಾ
೧೧ ಜುಲೈ ೧೯೯೬, ಗುರುವಾರ

ಪ್ರೀತಿಯ ಅಪ್ಪಯ್ಯಾ,

ಗುರುಕಿರಣನ ನಮಸ್ಕಾರ. ನಡುನೋವು ಹೇಗಿದೆ? ಎಣ್ಣೆ ಹಚ್ಚಿಸಿಕೊಂಡ ಮೇಲೆ ಅಲುಗಾಡದೆ ಮಲಗಬೇಕು ಅಂತ ಪಂಡಿತರು ಹೇಳಿದ್ದರೂ ನೀವು ಎದ್ದು ಬಚ್ಚಲ ಒಲೆಗೆ ಕಟ್ಟಿಗೆ ಇಡಲು ಹೋಗುತ್ತೀರಂತೆ. ಪದ್ಮಕ್ಕ ಫೋನಿನಲ್ಲಿ ಹೇಳಿದರು. ಇಪ್ಪತ್ತೆರಡು ವರ್ಷ ಬೆಳಿಗ್ಗೆ ನಾಲ್ಕಕ್ಕೆ ಎದ್ದವರಿಗೆ ಮಲಗುವುದೇ ಶಿಕ್ಷೆ ಅಂತ ಗೊತ್ತು. ಆದರೂ ಮಲಗಿ. ಅಮ್ಮನ ಮೊಣಕಾಲು ಈಗ ವಾಸಿಯೇ? ಕಾವ್ಯಾ ಸಾಲಿಗ್ರಾಮದ ಮಕ್ಕಳ ಹತ್ತಿರ ಇನ್ನೂ ಗುಜರಾತಿಯಲ್ಲೇ ಜಗಳ ಮಾಡುತ್ತಾಳಾ? ಇಲ್ಲಿ ಹಾಸ್ಟೆಲುಗಳು ತೆರೆದಿವೆ, ಬೆಳಿಗ್ಗೆ ಏಳಕ್ಕೇ ನಮ್ಮ ಹೋಟೆಲಿನ ಮುಂದೆ ಹುಡುಗರ ಸಾಲು. ಸಾಂಬಾರಿಗೆ ಬೆಲ್ಲ ಕಡಿಮೆ ಮಾಡಿ ಅಂತ ಅಡುಗೆಯ ಅಚ್ಯುತಣ್ಣನಿಗೆ ಹೇಳಿದರೆ, "ಇಪ್ಪತ್ ವರ್ಷ ಆಯ್ತ್ ಮಾರಾಯಾ, ನನ್ ಕೈಯೇ ಗುಜರಾತಿ ಆಯ್ತ್" ಅನ್ನುತ್ತಾರೆ. ದೋಸೆಕಲ್ಲು ಮಾತ್ರ ನಿಮ್ಮನ್ನು ಬಿಟ್ಟು ಯಾರ ಮಾತನ್ನೂ ಕೇಳುತ್ತಿಲ್ಲ. ಮೊದಲ ನಾಲ್ಕು ದೋಸೆ ದಿನಾ ನಾನೇ ತಿನ್ನುತ್ತಿದ್ದೇನೆ.

ಇವತ್ತು ಬೆಳಿಗ್ಗೆ ಪದ್ಮಕ್ಕನ ಮನೆಗೆ ಫೋನ್ ಮಾಡಿ, ವಕೀಲರು ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದ ಅಫಿಡವಿಟ್ಟಿಗೆ ಸೈ ಹಾಕಬೇಡಿ ಅಂತ ಹೇಳಿಕಳಿಸಿದ್ದೆ. ಅವರು ಹೇಳಿರಬೇಕು. ಯಾಕೆ ಅಂತ ನೀವು ತಲೆ ಕೆಡಿಸಿಕೊಂಡಿರುತ್ತೀರಿ. ನಿಮ್ಮನ್ನೇ ಫೋನಿಗೆ ಕರೆಸಿ ಹೇಳಬಹುದಿತ್ತು. ಇದನ್ನು ಹೇಳಲೆಂದೇ ಎರಡು ಸಲ ಕರೆಸಿದ್ದೆ, ನೆನಪಿದೆಯಲ್ಲ? ಒಂದು ಸಲ ಹವಾಮಾನ ಕೇಳಿದೆ, ಇನ್ನೊಂದು ಸಲ ಇಡ್ಲಿ ಅಕ್ಕಿ ಯಾರ ಅಂಗಡಿಯಿಂದ ತರಲಿ ಅಂತ ಕೇಳಿದೆ. ನೀವು ಎಸ್‌ಟಿಡಿ ಬಿಲ್ಲು ಯಾರು ಕಟ್ಟುತ್ತಾರೆ ಅಂತ ಬೈದು ಇಟ್ಟಿರಿ. ಬಾಯಿ ಬರಲಿಲ್ಲ ಅಪ್ಪಯ್ಯ. ಅದಕ್ಕೇ ಬರೆಯುತ್ತಿದ್ದೇನೆ. ಹೋಟೆಲಿನ ಜಾಗ ಖಾಲಿ ಮಾಡಿಸಲು ನಿತಿನ್‌ಭಾಯಿ ಕೋರ್ಟಿಗೆ ಕೊಟ್ಟ ಆ ಗುಜರಾತಿ ಕಾಗದ ಕಳ್ಳ ಕಾಗದ ಅಲ್ಲ. ಅದರಲ್ಲಿರುವ ಸೈ ನಿಮ್ಮದೇ. ಅಕ್ಷರ ನನ್ನದು.

ಈಗ ಕಾಗದ ಮಡಚಿ ಇಡಬೇಡಿ. ಪೂರ್ತಿ ಓದಿ.

ಹೋದ ವರ್ಷ ಹೋಳಿ ಆದ ವಾರ ಅಡುಗೆಮನೆಯ ಮೋರಿ ಕಟ್ಟಿತ್ತಲ್ಲ? ಅದೇ ವಾರ ಒಂದು ಮಧ್ಯಾಹ್ನ ನಿತಿನ್‌ಭಾಯಿ ಟೇಪು ಹಿಡಿದ ಒಬ್ಬನನ್ನು ಕರೆದುಕೊಂಡು ಬಂದಿದ್ದರು. ಗಿರಾಕಿಗಳು ಊಟ ಮಾಡುತ್ತಿದ್ದರು. ಆ ಮನುಷ್ಯ ಅವರ ತಲೆಯ ಮೇಲಿಂದ ಟೇಪು ಎಳೆದು ಗೋಡೆ ಅಳೆದ. ನಿತಿನ್‌ಭಾಯಿ ನಿಮಗೆ ಗಲ್ಲಾದ ಕುರ್ಚಿಯಿಂದ ಏಳಿ ಅಂದರು, ಅದರ ಹಿಂದಿನ ಗೋಡೆ ಅಳೆಯಬೇಕಿತ್ತಂತೆ. ನೀವು ಎದ್ದಿರಿ. ಎದ್ದದ್ದು ಹೋಗಲಿ, ಕುರ್ಚಿಯನ್ನು ನೀವೇ ಪಕ್ಕಕ್ಕೆ ಎಳೆದುಕೊಟ್ಟಿರಿ, ಅವರಿಗೆ ಕಾಫಿ ತರಿಸಿದಿರಿ, ಅಳತೆ ಮುಗಿಯುವ ತನಕ ಕೈಕಟ್ಟಿ ಗೋಡೆಗೆ ಆತು ನಿಂತಿರಿ. ಐದನೇ ಟೇಬಲ್ಲಿನ ಹಾಸ್ಟೆಲ್ ಹುಡುಗರು ನಕ್ಕರು. ನಾನು ಪಾತ್ರೆ ತೊಳೆಯುವ ಕಡೆ ನಿಂತು ನೋಡಿದೆ. ನನಗೆ ನಿತಿನ್‌ಭಾಯಿ ಮೇಲೆ ಬಂದ ಕೋಪಕ್ಕಿಂತ ನಿಮ್ಮ ಮೇಲೆ ಬಂದ ಕೋಪ ದೊಡ್ಡದು. ಸುಳ್ಳು ಹೇಳುವುದಿಲ್ಲ, ಅದು ಇನ್ನೂ ಪೂರ್ತಿ ಹೋಗಿಲ್ಲ.

ಅದೇ ಸಂಜೆ ನೀವು ಎಂದಿನಂತೆ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಕನ್ನಡದಲ್ಲಿ ಕಾಗದ ಬರೆದು ನನಗೆ ಕೊಟ್ಟಿರಿ, ಗುಜರಾತಿ ಮಾಡಲು. ನಿಮಗೆ ಗುಜರಾತಿ ಮಾತು ಬರುತ್ತದೆ, ಓದಲು ಬರುವುದಿಲ್ಲ. ಅದಕ್ಕೆ ಶೇಠರಿಗೆ, ಕಾರ್ಪೊರೇಷನ್ನಿಗೆ, ಗ್ಯಾಸ್ ಕಂಪನಿಗೆ, ಎಲ್ಲರಿಗೂ ನಾನು ಹನ್ನೆರಡು ವರ್ಷದವನಿದ್ದಾಗಿನಿಂದ ನಾವು ಹಾಗೇ ಮಾಡಿದ್ದು. ನೀವು ಬರೆದಿದ್ದಿರಿ: ಚಂದೂಕಾಕಾ ಇದ್ದಾಗಿನಿಂದ ನಾವು ನಿಮ್ಮ ಬಾಡಿಗೆದಾರರು, ನಿಮ್ಮ ತಂದೆಯವರ ಹಾಗೇ ನೀವೂ ನಮ್ಮ ಮೇಲೆ ವಿಶ್ವಾಸ ಇಡಬೇಕು, ಮಳೆಗಾಲಕ್ಕೆ ಮೊದಲು ಮೋರಿ ರಿಪೇರಿ ಮಾಡಿಸಿಕೊಡಬೇಕು. "ಮರ್ಯಾದಿಯಲ್ ಬರಿ ಮಗಾ, ದೊಡ್ಡ್ ಜನ ಅವ್ರ್" ಅಂದಿರಿ. ಕುರ್ಚಿಯಿಂದ ಎಬ್ಬಿಸಿದವರು ದೊಡ್ಡ ಜನ! ನಾನು ಒಳಗೆ ಹೋಗಿ ಅಕ್ಕಿ ಮೂಟೆ ಮೇಲೆ ಕೂತು ಬೇರೆ ಬರೆದೆ. ನಾನು ಬರೆದದ್ದು ಇದು: ಈ ಜಾಗ ನಿಮ್ಮದು, ಗೋಡೆ ನಿಮ್ಮದು, ನಾವು ಇಲ್ಲಿ ಬಾಡಿಗೆದಾರರೂ ಅಲ್ಲ, ಏನೂ ಅಲ್ಲ. ನಿಮ್ಮಪ್ಪ ನಡೆಸಲು ಕೊಟ್ಟರು ಅಂತ ನಡೆಸುತ್ತಿದ್ದೇವೆ ಅಷ್ಟೇ. ಬೇಕಾದರೆ ದೀಪಾವಳಿಗೆ ಕೀಲಿಕೈ ತೆಗೆದುಕೊಳ್ಳಿ, ನಾವು ಯಾರ ಕಾಲೂ ಹಿಡಿಯುವವರಲ್ಲ. ಮೋರಿಯ ಸುದ್ದಿಯನ್ನೇ ಎತ್ತಲಿಲ್ಲ. ತಂದು ನಿಮ್ಮ ಮುಂದೆ ಇಟ್ಟೆ. ನೀವು ಪಾರ್ಸೆಲ್ ಕಟ್ಟುತ್ತಿದ್ದಿರಿ. ಕೈ ಒರೆಸಿಕೊಂಡು "ಸೈ ಎಲ್ ಹಾಕುದ್?" ಅಂತ ಕೇಳಿದಿರಿ. ನಾನು ಬೆರಳಿಟ್ಟು ತೋರಿಸಿದೆ. ನೀವು ಕನ್ನಡದಲ್ಲಿ ನಾರಾಯಣ ಉರಾಳ ಅಂತ, ಆ ಉದ್ದ ಬಾಲದ ಳ ಹಾಕಿ, ಸೈ ಮಾಡಿದಿರಿ.

ಕಾಗದ ಹೋಯಿತು. ಮೋರಿ ರಿಪೇರಿ ಆಗಲಿಲ್ಲ. ಕಾಗದ ಬರೆದರೂ ಮಾಡಿಸಲಿಲ್ಲವಲ್ಲ ಅಂತ ನೀವು ಬೇಜಾರು ಮಾಡಿಕೊಂಡು ನಿಮ್ಮ ಕೈಯಿಂದಲೇ ಮಾಡಿಸಿದಿರಿ. ಆವತ್ತು ಹೇಳಬಹುದಿತ್ತು. ಹೇಳಲಿಲ್ಲ. ದೀಪಾವಳಿ ಕಳೆದ ಮೇಲೆ ನಿತಿನ್‌ಭಾಯಿ ಜಾಗ ಖಾಲಿ ಮಾಡಿಸಲು ಕೇಸು ಹಾಕಿದರು. ಆವತ್ತೂ ಹೇಳಲಿಲ್ಲ. ಎಪ್ಪತ್ನಾಲ್ಕರ ಹಳೇ ಪತ್ರದಲ್ಲಿ ಹನ್ನೊಂದು ತಿಂಗಳ ಕಂಡಕ್ಟಿಂಗ್, ಅಂದರೆ ನಡೆಸಲು ಮಾತ್ರ ಕೊಟ್ಟದ್ದು ಅಂತ ಇದ್ದರೂ, ಆಮೇಲೆ ಚಂದೂಕಾಕಾ ಸಾಯುವ ತನಕ ತಿಂಗಳು ತಿಂಗಳು ತಮ್ಮ ಕೈಯಾರೆ ಬಾಡಿಗೆ ಅಂತಲೇ ಚೀಟಿ ಬರೆದುಕೊಟ್ಟಿದ್ದಾರೆ, ಹಾಗಾಗಿ ನಾವು ಬಾಡಿಗೆದಾರರೇ, ಸಾಕ್ಷಿ ವಿಚಾರಣೆ ಆದರೆ ಗೆಲ್ಲಬಹುದು ಅಂತ ವಕೀಲರು ಊರ್ಮಿಳಾಬೆನ್ ಧೈರ್ಯ ಹೇಳಿದ್ದರು. ನೀವು ಆ ಚೀಟಿಗಳನ್ನು ಬಿಸ್ಕತ್ತಿನ ಡಬ್ಬಿಯಿಂದ ತೆಗೆದು ವರ್ಷವಾರು ಜೋಡಿಸುತ್ತಿದ್ದಾಗ ನಾನು ಪಕ್ಕದಲ್ಲೇ ಇದ್ದೆ. ಸಿವಿಲ್ ಕೇಸು ಮುಗಿಯಲು ಹದಿನೈದು ವರ್ಷ ಬೇಕು, ಅಷ್ಟರಲ್ಲಿ ಆ ಕಾಗದ ಎಲ್ಲೋ ಇಲಿ ತಿಂದಿರುತ್ತದೆ ಅಂದುಕೊಂಡಿದ್ದೆ.

ಇಲಿ ತಿಂದಿಲ್ಲ. ನೀವು ಊರಿಗೆ ಹೋದ ಮೇಲೆ ಅವರ ವಕೀಲ ಅದನ್ನು ಲಗತ್ತಿಸಿ ಒಂದು ಅರ್ಜಿ ಹಾಕಿದ. ಇವರೇ ಎಲ್ಲ ಒಪ್ಪಿಕೊಂಡಿದ್ದಾರೆ, ಇನ್ನು ಸಾಕ್ಷಿ ಯಾಕೆ, ಚೀಟಿ ಯಾಕೆ, ಈಗಲೇ ತೀರ್ಪು ಕೊಡಿ ಅಂತ. ಊರ್ಮಿಳಾಬೆನ್ ನಿಮ್ಮನ್ನು ಕೇಳು ಅಂದರು. ನಾನು ಫೋನಿನಲ್ಲಿ ನಿಮಗೆ ಹೇಗೆ ಹೇಳಿದೆ ಅಂತ ನನಗೆ ಚೆನ್ನಾಗಿ ನೆನಪಿದೆ. ನಿಮ್ಮ ಸೈ ಇರುವ ಒಂದು ಕಾಗದ ತಂದಿದ್ದಾರೆ, ನಾವು ಬಾಡಿಗೆದಾರರಲ್ಲ ಅಂತ ಅದರಲ್ಲಿ ಇದೆ ಅಂದೆ. ನೀವು "ನಾ ಹಾಂಗೆ ಬರೆಯುದಾ? ಹುಚ್ಚಾ ನಂಗೆ? ಯಾರೋ ಕಳ್ಳ ಸೈ ಹಾಕಿರ್" ಅಂದಿರಿ. ನಾನು ಹೌದು ಅಪ್ಪಯ್ಯ ಅಂದೆ. ಆ ಹೌದು ಅಂದದ್ದು ಕಾಗದ ಬರೆದದ್ದಕ್ಕಿಂತ ದೊಡ್ಡ ತಪ್ಪು. ಕಾಗದ ಬರೆದಾಗ ಸಿಟ್ಟಿತ್ತು. ಹೌದು ಅಂದಾಗ ಹೆದರಿಕೆ ಒಂದೇ ಇತ್ತು. ನಿಮ್ಮ ಮಾತನ್ನೇ ಹೋಗಿ ಊರ್ಮಿಳಾಬೆನ್‌ಗೆ ಹೇಳಿದೆ, ಅವರು ಸೈ ನನ್ನದಲ್ಲ ಅಂತ ಅಫಿಡವಿಟ್ ತಯಾರು ಮಾಡಿ ನಿಮಗೆ ಕಳಿಸಿದರು.

ನಿನ್ನೆ ಆ ಅರ್ಜಿಯ ತಾರೀಖು. ನೀವು ಎರಡು ರಾತ್ರಿ ಬಸ್ಸು ರೈಲಿನಲ್ಲಿ ಕೂರುವ ಸ್ಥಿತಿಯಲ್ಲಿಲ್ಲ ಅಂತ ಹೇಳಿ ಮುಂದಿನ ದಿನ ಕೇಳುವುದಿತ್ತು. ನಾನೂ ನ್ಯಾಯಮಂದಿರಕ್ಕೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ನಮಗಿಂತ ಮೊದಲು ಇಂಥದ್ದೇ ಇನ್ನೊಂದು ಅರ್ಜಿ ಇತ್ತು. ಒಬ್ಬ ವಯಸ್ಸಾದ ಮನುಷ್ಯ, ಕೈಯಲ್ಲಿ ಊಟದ ಡಬ್ಬಿ, ಗೋದಾಮು ಖಾಲಿ ಮಾಡುವ ಕೇಸು. ಅವನೇ ಹಾಕಿದ ಜವಾಬಿನಲ್ಲಿ ಗೋದಾಮು ಅವರದ್ದು, ನನ್ನ ಅವಧಿ ಮುಗಿದದ್ದು ನಿಜ, ಬೇರೆ ಜಾಗ ಸಿಕ್ಕಿಲ್ಲ ಅಂತ ಇತ್ತಂತೆ. ಜಡ್ಜು ಅದನ್ನು ಎರಡು ಸಲ ಓದಿಸಿದರು. ಇದಕ್ಕೆ ಬೇರೆ ಅರ್ಥ ಇದೆಯಾ ಅಂತ ಅವನ ವಕೀಲನನ್ನು ಕೇಳಿದರು. ವಕೀಲ ಕಷ್ಟ ಹೇಳಿದ, ಮಕ್ಕಳ ಕಥೆ ಹೇಳಿದ. ಜಡ್ಜು ಕೇಳಿಸಿಕೊಂಡರು, ಬೈಯಲಿಲ್ಲ, ಆದರೆ ಕಷ್ಟ ಬೇರೆ, ತಕರಾರು ಬೇರೆ ಅಂತ ಹೇಳಿ ಅಲ್ಲೇ ಡಿಕ್ರಿ ಬರೆಸಿದರು. ಹತ್ತು ನಿಮಿಷ. ಆ ಮನುಷ್ಯನಿಗೆ ಅರ್ಥವೇ ಆಗಲಿಲ್ಲ. "ಮತ್ತೆ ನನ್ನ ಸಾಕ್ಷಿ ಯಾವಾಗ ಸಾಹೇಬ್?" ಅಂತ ಕೇಳಿದ. ಜವಾನ ಅವನ ತೋಳು ಹಿಡಿದು ಮುಂದಿನ ಕೇಸಿನ ಹೆಸರು ಕೂಗಿದ. ಆ ಹೆಸರು ನಿಮ್ಮದು ಅಪ್ಪಯ್ಯ.

ಅವರ ವಕೀಲ ನನ್ನ ಕಾಗದವನ್ನು ಓದಿದ. ನಾನು ಅಕ್ಕಿ ಮೂಟೆ ಮೇಲೆ ಕೂತು ಬರೆದದ್ದನ್ನು ಕೋಟು ಹಾಕಿದವನೊಬ್ಬ ಕೋರ್ಟಿನಲ್ಲಿ ನಿಂತು ಓದುತ್ತಾನೆ, ಒಂದೊಂದು ಸಾಲು ಮುಗಿದಾಗಲೂ ತಲೆ ಎತ್ತಿ ನೋಡುತ್ತಾನೆ. ನಿತಿನ್‌ಭಾಯಿ ಮುಂದಿನ ಸಾಲಿನಲ್ಲಿ ಕಾಲು ಅಲ್ಲಾಡಿಸುತ್ತಾ ಕೂತಿದ್ದರು. ಸೈ ನಮ್ಮ ಕಕ್ಷಿಯದ್ದಲ್ಲ, ಅಫಿಡವಿಟ್ ಬರುತ್ತಿದೆ ಅಂತ ಊರ್ಮಿಳಾಬೆನ್ ಹೇಳಿದರು. ಜಡ್ಜು ಆ ಕಾಗದವನ್ನೂ ನೀವು ಸೈ ಹಾಕಿಕೊಟ್ಟ ವಕಾಲತ್ತನ್ನೂ ಅಕ್ಕಪಕ್ಕ ಇಟ್ಟುಕೊಂಡು ಕನ್ನಡಕ ಮೇಲೆ ಮಾಡಿ ನೋಡಿದರು. ಆಮೇಲೆ "ಬೆನ್, ಈ ಲಿಪಿಯಲ್ಲಿ ಸೈ ಹಾಕುವವರು ಇಡೀ ಬರೋಡಾದಲ್ಲಿ ಎಷ್ಟು ಜನ ಇದ್ದಾರೆ?" ಅಂತ ಕೇಳಿದರು. ಎಲ್ಲರೂ ನಕ್ಕರು. ಬರೀ ಇಲ್ಲ ಅಂದರೆ ತಕರಾರು ಹುಟ್ಟುವುದಿಲ್ಲ, ಅವರಿಗೆ ನಿಜವಾಗಿ ಹೇಳಲು ಏನಾದರೂ ಇದ್ದರೆ ಬರೆದು ತನ್ನಿ, ಇಲ್ಲದಿದ್ದರೆ ನಾನು ಈ ಕಾಗದದ ಮೇಲೇ ಮುಗಿಸುತ್ತೇನೆ ಅಂತ ಹೇಳಿ ಆಗಸ್ಟ್ ಐದಕ್ಕೆ ಹಾಕಿದರು. ಅವರು ನಕ್ಕದ್ದು ನಿಮ್ಮ ಸೈ ನೋಡಿ. ನೀವು ಅಷ್ಟು ಚಂದ ಮಾಡಿ ಹಾಕುವ ಸೈ. ಅಲ್ಲೇ ಎದ್ದು ನಿಂತು ಕೂಗಬೇಕು ಅನಿಸಿತು. ಕೂತೇ ಇದ್ದೆ.

ಹೊರಗೆ ಬಂದು ಚಹಾದ ಗಾಡಿ ಹತ್ತಿರ ಊರ್ಮಿಳಾಬೆನ್‌ಗೆ ಎಲ್ಲ ಹೇಳಿಬಿಟ್ಟೆ. ಅವರು ಚಹಾ ಗ್ಲಾಸು ಕೆಳಗಿಟ್ಟು "ಗಧೇಡಾ!" ಅಂದರು. ಕತ್ತೆ ಅಂತ ಬೈಸಿಕೊಂಡದ್ದು ಮೊದಲ ಸಲವಲ್ಲ, ಆದರೆ ಇಷ್ಟು ಸರಿಯಾಗಿ ಯಾರೂ ಬೈದಿರಲಿಲ್ಲ. ನೀವು ಆ ಅಫಿಡವಿಟ್ಟಿಗೆ ಸೈ ಹಾಕಿ ಕಳಿಸಿದ್ದರೆ ಪ್ರಮಾಣ ಮಾಡಿ ಸುಳ್ಳು ಹೇಳಿದ ಹಾಗಾಗುತ್ತಿತ್ತಂತೆ. ಒಂದು ಸುಳ್ಳು ಸಿಕ್ಕಿಬಿದ್ದರೆ ಆಮೇಲೆ ಚೀಟಿ ತೋರಿಸಿದರೂ, ಚಂದೂಕಾಕಾನ ಮಾತು ಹೇಳಿದರೂ ಯಾರೂ ನಂಬುವುದಿಲ್ಲ. ಜೈಲಿನ ಮಾತೂ ಆಡಿದರು, ಅದನ್ನು ಅಮ್ಮನಿಗೆ ಹೇಳಬೇಡಿ. ನಾನು ನಿಮ್ಮನ್ನು ಅಲ್ಲಿಯ ತನಕ ತಂದು ನಿಲ್ಲಿಸಿದ್ದೆ.

ಆಮೇಲೆ ಸ್ವಲ್ಪ ತಣ್ಣಗಾಗಿ ಕೂರಿಸಿಕೊಂಡು ಹೇಳಿದರು. ಇಂಥ ಅರ್ಜಿಯಲ್ಲಿ ಯಾರು ಸರಿ, ಯಾರು ತಪ್ಪು ಅಂತ ಜಡ್ಜು ತೂಗುವುದಿಲ್ಲವಂತೆ. ಬಾಯಿಬಿಟ್ಟು ಕೇಳಬೇಕಾದ ಪ್ರಶ್ನೆ ಏನಾದರೂ ಉಳಿದಿದೆಯಾ ಅಂತ ಮಾತ್ರ ನೋಡುತ್ತಾರೆ. ಏನೂ ಉಳಿದಿಲ್ಲ ಅಂದರೆ ಆ ಡಬ್ಬಿಯ ಮನುಷ್ಯನಿಗೆ ಆದ ಹಾಗೆ ಅಲ್ಲೇ ಮುಗಿಯಿತು. ಒಂದೇ ಒಂದು ನಿಜವಾದ ಪ್ರಶ್ನೆ ಇದ್ದರೂ ಬಾಗಿಲು ಹಾಕುವ ಹಾಗಿಲ್ಲ, ಸಾಕ್ಷಿ ಕರೆಸಿ ಕೇಳಲೇಬೇಕು. ಸೈ ನನ್ನದಲ್ಲ ಅನ್ನುವುದರಲ್ಲಿ ಪ್ರಶ್ನೆ ಇಲ್ಲ, ಯಾಕೆಂದರೆ ಕಣ್ಣಿಗೇ ಕಾಣುತ್ತದೆ. ಆದರೆ ಸೈ ನನ್ನದೇ, ನನಗೆ ಗುಜರಾತಿ ಓದಲು ಬರುವುದಿಲ್ಲ, ನಾನು ಕನ್ನಡದಲ್ಲಿ ಬರೆದುಕೊಟ್ಟದ್ದು ಬೇರೆ, ಮಗ ಬರೆದದ್ದು ಬೇರೆ ಅಂದರೆ? ಅದು ನಿಜವೋ ಅಲ್ಲವೋ ಅಂತ ಆ ಕಾಗದವನ್ನು ಎಷ್ಟು ಸಲ ಓದಿದರೂ ಗೊತ್ತಾಗುವುದಿಲ್ಲ. ನಿಮ್ಮನ್ನು ಕೇಳಬೇಕು, ನನ್ನನ್ನು ಕೇಳಬೇಕು. ನಿನ್ನೆ ರಾತ್ರಿ ಹಾಲಿನ ಪುಸ್ತಕ ಹುಡುಕಿದೆ, ಮೈದಾ ಡಬ್ಬಿಯ ಹಿಂದೆ ಸಿಕ್ಕಿತು. ನಿಮ್ಮ ಕನ್ನಡ ಕಾಗದ ತಾರೀಖಿನ ಸಮೇತ ಹಾಗೇ ಇದೆ. ಅಷ್ಟಾದರೂ ಗ್ಯಾರಂಟಿ ಏನಿಲ್ಲ ಅಂತಾರೆ ಅವರು. ಅಪ್ಪ ಮಗ ಸೇರಿ ಕಥೆ ಕಟ್ಟಿದ್ದಾರೆ ಅಂತ ಆ ಕಡೆಯವರು ಹೇಳುತ್ತಾರೆ. ಓದದೆ ಸೈ ಹಾಕಿದ್ದು ನಿಮ್ಮದೇ ತಪ್ಪು ಅಂತ ಜಡ್ಜೂ ಹೇಳಬಹುದು. ಅವರು ನನ್ನ ಭುಜಕ್ಕೆ ಕೈ ಹಾಕಿ ಆಮೇಲೆ ಒಂದು ಮಾತು ಕೇಳಿದರು. ನಿನ್ನಪ್ಪ ಹೀಗೆ ಬರೆದುಕೊಡುತ್ತಾರಾ, ಅಂತ.

ಅದಕ್ಕೆ ಉತ್ತರ ನನಗೆ ಗೊತ್ತಿತ್ತು. ಒಂಬತ್ತನೇ ಕ್ಲಾಸಿನಲ್ಲಿ ಇಡ್ಲಿವಾಲಾ ಅಂತ ಕರೆದ ಮಾಸ್ತರರ ಮೇಲೆ ನಾನು ಡಸ್ಟರ್ ಎಸೆದಾಗ ನಿಮ್ಮನ್ನು ಕರೆಸಿದ್ದರಲ್ಲ? ಹೆಸರು ಹೊಡೆದು ಹಾಕುತ್ತೇವೆ ಅಂದಾಗ ನೀವು ಎಲ್ಲರ ಎದುರು ಏನಂದಿರಿ? ಹುಡುಗನದ್ದು ಏನೂ ತಪ್ಪಿಲ್ಲ, ಹೋಟೆಲಿನಲ್ಲಿ ಕೈ ಕಡಿಮೆ ಇದೆ, ನಾನೇ ಅವನನ್ನು ಶಾಲೆ ಬಿಡಿಸಲು ಬಂದದ್ದು ಅಂದಿರಿ. ಸರ್ಟಿಫಿಕೇಟಿನಲ್ಲಿ ಡಸ್ಟರಿನ ಸುದ್ದಿ ಬರಲಿಲ್ಲ. ಮಗನ ಓದು ಕೆಡಿಸಿದ ಅಪ್ಪ ಅಂತ ಕನ್ನಡ ಸಂಘದವರೆಲ್ಲ ನಿಮ್ಮನ್ನು ಇವತ್ತಿಗೂ ಆಡಿಕೊಳ್ಳುತ್ತಾರೆ. ನೀವು ಒಮ್ಮೆಯೂ ಅಲ್ಲ ಅಂದಿಲ್ಲ. ಅಂಥವರು ಕೋರ್ಟಿನಲ್ಲಿ ಮಗ ಮೋಸಗಾರ ಅಂತ ಬರೆದುಕೊಡುತ್ತೀರಾ? ಜಾಗ ಹೋದರೆ ಹೋಗಲಿ ಅಂತೀರಿ. ಎಲ್ಲಾದರೂ ರಸ್ತೆ ಬದಿಯಲ್ಲಿ ಗಾಡಿ ಇಟ್ಟುಕೊಳ್ಳೋಣ ಅಂತೀರಿ, ಈ ನಡು ಇಟ್ಟುಕೊಂಡು.

ಇನ್ನೊಂದನ್ನೂ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಅರ್ಧ ಹೇಳಿದ ಹಾಗಾಗುತ್ತದೆ. ಆ ಕಾಗದ ಬರೆಯುವಾಗ ನನಗೆ ಇದ್ದದ್ದು ನಿಮ್ಮ ಮಾನದ ಚಿಂತೆ ಒಂದೇ ಅಲ್ಲ. ಹೋಟೆಲು ಹೋಗಲಿ ಅಂತಲೂ ಇತ್ತು. ನನ್ನ ಅಂಗಿಯಲ್ಲಿ ಸಾಂಬಾರಿನ ವಾಸನೆ ಹೋಗುವುದಿಲ್ಲ. ಅದು ಮುಚ್ಚಿದರೆ ನನ್ನನ್ನು ಯಾರೂ ಗಲ್ಲಾದಲ್ಲಿ ಕೂರಿಸುವುದಿಲ್ಲ, ನಾನೂ ಒಂದಿನ ಯಾರೋ ಬಂದು ಏಳು ಅಂದರೆ ಏಳಬೇಕಾಗುವುದಿಲ್ಲ ಅಂತ ಲೆಕ್ಕ ಹಾಕಿದ್ದೆ. ನೀವು ಆವತ್ತು ಎದ್ದು ನಿಂತದ್ದು ಹೆದರಿ ಅಲ್ಲ, ಅಚ್ಯುತಣ್ಣನ ಮನೆ, ನಮ್ಮ ಮನೆ, ಕಾವ್ಯಾಳ ಫೀಸು ಎಲ್ಲ ಆ ಕುರ್ಚಿಯ ಮೇಲಿದೆ ಅಂತ ಗೊತ್ತಿದ್ದು ಎದ್ದದ್ದು. ಇದು ನನಗೆ ನಿನ್ನೆ ಆ ಬೆಂಚಿನ ಮೇಲೆ ಕೂತಾಗ ಹೊಳೆಯಿತು. ಹದಿನಾರು ತಿಂಗಳು ತಡವಾಗಿ.

ಅಮ್ಮನಿಗೆ ನೀವೇ ಸಮಯ ನೋಡಿ ಹೇಳಿ. ಅಚ್ಯುತಣ್ಣನಿಗೆ ನಾನು ಇವತ್ತು ಹೇಳಿದೆ. ಮುಖ ತಿರುಗಿಸಿ ಒಲೆ ಕಡೆ ಹೋದರು, ಆದರೆ ಊಟಕ್ಕೆ ಬಡಿಸಿ ಇಟ್ಟಿದ್ದರು. ಪದ್ಮಕ್ಕನಿಗೆ, ಅಜ್ಜಿಗೆ ನನ್ನ ನಮಸ್ಕಾರ. ಕಾವ್ಯಾಳಿಗೆ ಪ್ರೀತಿ, ಅವಳ ಹತ್ತಿರ ಅಣ್ಣ ಏನು ಮಾಡಿದ ಅಂತ ಸದ್ಯಕ್ಕೆ ಹೇಳಬೇಡಿ. ಬೈಯುವುದಾದರೆ ನೇರ ಹೋಟೆಲಿನ ಫೋನಿಗೇ ಮಾಡಿ ಬೈಯಿರಿ, ಬಿಲ್ಲು ಎಷ್ಟಾದರೂ ಆಗಲಿ. ಇಟ್ಟುಬಿಡುವುದಿಲ್ಲ, ಪೂರ್ತಿ ಕೇಳುತ್ತೇನೆ.

ನಿಮ್ಮ ತಪ್ಪಿತಸ್ಥ ಮಗ,
ಗುರುಕಿರಣ

ಮರೆತದ್ದು: ಪೋಸ್ಟಾಫೀಸು ಮುಚ್ಚುವ ಹೊತ್ತಾಯಿತು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಇದರ ಜೊತೆ ಹೊಸ ಅಫಿಡವಿಟ್ ಇದೆ. ಹಳೆಯದನ್ನು ಹರಿದು ಒಲೆಗೆ ಹಾಕಿ. ಹೊಸದರ ಕೆಳಗೆ ಪಿನ್ ಮಾಡಿದ ಕನ್ನಡ ಅನುವಾದ ನಾನು ಬರೆದದ್ದಲ್ಲ, ಕನ್ನಡ ಸಂಘದ ಗೋರ್ವಾದ ಗುಂಡಪ್ಪನವರು ಇವತ್ತು ಆಫೀಸಿಗೆ ರಜೆ ಹಾಕಿ ಮಾಡಿಕೊಟ್ಟದ್ದು, ಹಾಗಾಗಿ ನಂಬಬಹುದು. ಅವರಿಗೆ ಗೊತ್ತಾಯಿತು ಅಂದರೆ ಸಂಘಕ್ಕೆಲ್ಲ ಗೊತ್ತಾಗುತ್ತದೆ, ಆಗಲಿ. ನಾಲ್ಕನೇ ಪ್ಯಾರಾದಲ್ಲಿ, ನನ್ನ ಮಗ ಗೊತ್ತಿದ್ದೇ ನನಗೆ ಮೋಸ ಮಾಡಿ ಸೈ ಹಾಕಿಸಿಕೊಂಡ ಅಂತ ಇದೆ. ಊರ್ಮಿಳಾಬೆನ್ ತಪ್ಪು ತಿಳುವಳಿಕೆಯಿಂದ ಅಂತ ಬರೆಯಲು ಹೊರಟಿದ್ದರು, ನಾನೇ ಬೇಡ ಅಂದೆ. ನಿಮ್ಮ ಕೈ ಆ ಸಾಲಿನ ಹತ್ತಿರ ಬಂದು ನಿಲ್ಲುತ್ತದೆ ಅಂತ ಗೊತ್ತು. ಹೊಡೆದು ಹಾಕಬೇಡಿ ಅಪ್ಪಯ್ಯ. ಮೋಸ ಮಾಡಿದೆ ಅಂತ ನಾನು ಇವತ್ತು ಮಧ್ಯಾಹ್ನವೇ ಪ್ರಮಾಣ ಮಾಡಿ ಕೋರ್ಟಿಗೆ ಕೊಟ್ಟಾಗಿದೆ. ಈಗ ನೀವು ನನ್ನನ್ನು ಉಳಿಸಲು ಒಂದೇ ಒಂದು ಮಾತು ಮೆತ್ತಗೆ ಮಾಡಿದರೂ ನಮ್ಮಿಬ್ಬರಲ್ಲಿ ಒಬ್ಬ ಸುಳ್ಳುಗಾರ ಆಗುತ್ತಾನೆ. ಜಡ್ಜು ಅದು ನೀವೇ ಅಂದುಕೊಳ್ಳುತ್ತಾರೆ.